ಐದು ನಿಮಿಷದ ಚೌಕಗಳು

ಬೀಗ ಹಾಕಿ ಎಳೆದು ನೋಡಿದ. ನಾಲ್ಕು ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆದ. ಬೀಗ ಬಿದ್ದಿದೆಯೋ ಇಲ್ಲವೋ ಎಂಬ ಅನುಮಾನವೇನೂ ಅವನಿಗಿರಲಿಲ್ಲ. ಒಳಗಿನಿಂದ ಅಕ್ಕ ಏನಾದರೂ ಅಂದಾಳೇನೋ ಎಂದು ಕಿವಿಗೊಡಲು ಅದೊಂದು ನೆಪ. ಒಳಗೆ ಚಪ್ಪಲಿಯ ಸದ್ದು ಎಳೆದುಕೊಂಡು ಎಳೆದುಕೊಂಡು ಬಾಗಿಲವರೆಗೆ ಬಂದು ನಿಂತಿತು. "ಯಾರು?" ಎಂದಳು. ಅವನು ಉಸಿರು ಬಿಗಿಹಿಡಿದು ನಿಂತ. ತಮ್ಮ ಎಂದರೆ ಯಾವ ತಮ್ಮ ಎನ್ನುತ್ತಾಳೆ, ಸುಮ್ಮನಿದ್ದರೆ ಐದು ನಿಮಿಷದಲ್ಲಿ ಅಲ್ಲೊಂದು ಬಾಗಿಲು ಇದೆಯೆಂಬುದನ್ನೇ ಮರೆಯುತ್ತಾಳೆ. ಹಾಗೆ ಮರೆಯುವವರೆಗೆ ಕಾಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಮೆಲ್ಲಗೆ ಇಳಿದು ಬರುವಾಗ ಕೆಳಗಿನ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಪೊರಕೆ, ಗುಡಿಸುವುದಕ್ಕಲ್ಲ. "ಇವತ್ತೂ ಬೀಗಾನಾ?" ಎಂದಳು. "ನಿನ್ನೆ ಮಧ್ಯಾಹ್ನ ಪೂರ್ತಿ ಬಾಗಿಲು ಬಡೀತಾ ಇದ್ರು. ಕೇಳೋಕಾಗಲ್ಲ ನನ್ನ ಕೈಲಿ. ಇನ್ನೊಂದ್ಸಲ ಹಂಗಾದ್ರೆ ನಾನು ಪೊಲೀಸರಿಗೆ ಫೋನ್ ಮಾಡೋದೇ. ಆಮೇಲೆ ನನ್ನ ಬೈಕೋಬೇಡಿ." ಇವತ್ತು ಒಂದು ವ್ಯವಸ್ಥೆ ಆಗುತ್ತದೆ ಎಂದ. ಆಕೆ ನಂಬಲಿಲ್ಲ. ಮೂರು ತಿಂಗಳಿಂದ ಅವನು ಹೇಳುತ್ತಿದ್ದುದು ಅದನ್ನೇ.

ಆದರೆ ಇವತ್ತು ಅದು ನಿಜವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಅವನು ಆ ಒಂದೇ ವಿಷಯವನ್ನು ತಿರುವಿ ಮುರುವಿ ನೋಡಿದ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆರೈಕೆಮನೆಗಳಿಗೆ ಹೋಗಿ, ಅಲ್ಲಿನ ಗುಣಮಟ್ಟ ಅಳೆದು, ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಅವನ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ. ಅರವತ್ತು ಬಂದರೆ ಪಾಸು. ಅರವತ್ತಕ್ಕಿಂತ ಕಮ್ಮಿ ಬಂದರೆ ಆ ಮನೆ ಒಂದು ವರ್ಷ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಈಗ ಹೋಗುತ್ತಿರುವ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಬಿದ್ದಿದೆ ಎಂಬುದು ಕಚೇರಿಗೆ ಬಂದ ಪಟ್ಟಿಯಲ್ಲಿತ್ತು. ಬೇರೆಲ್ಲ ಮನೆಗಳಲ್ಲೂ ಎರಡೆರಡು ವರ್ಷ ಕಾಯಬೇಕು. ಅಷ್ಟರಲ್ಲಿ ಯಾರು ಇರುತ್ತಾರೋ ಯಾರು ಇಲ್ಲವೋ. ಮನೆಗೆ ಬಂದು ನೋಡಿಕೊಳ್ಳುತ್ತೇವೆ ಎಂದವರು ಮೂವರು ಬಂದು ಮೂವರೂ ಹೋಗಿದ್ದರು, ಕೊನೆಯವಳು ಮಣಿಕಟ್ಟಿನ ಮೇಲೆ ಅಕ್ಕನ ಹಲ್ಲಿನ ಗುರುತು ತೋರಿಸಿ. ಆದ್ದರಿಂದ ಆ ಖಾಲಿ ಹಾಸಿಗೆ ಅಕ್ಕನದ್ದೇ ಎಂದು ಅವನು ಮನಸ್ಸಿನಲ್ಲಿ ಆಗಲೇ ಹೊದಿಕೆ ಹಾಸಿಟ್ಟಿದ್ದ. ತನ್ನವರು ಇರುವ ಮನೆಯನ್ನು ತಾನೇ ಅಳೆಯಬಾರದು ಎಂಬ ನಿಯಮವೊಂದಿದೆ. ಅಕ್ಕ ಅಲ್ಲಿಲ್ಲವಲ್ಲ, ಇನ್ನೂ. ಅಂಕ ಅರವತ್ತು ಮುಟ್ಟಬೇಕು, ಅಷ್ಟೆ. ಮುಟ್ಟದಿದ್ದರೆ ಮುಟ್ಟಿಸಬೇಕು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲ ಕೂಡ ಒಂದೂ ಅಂಕಿ ತಿದ್ದದ ತನ್ನ ಕೈ ಇವತ್ತು ತಿದ್ದಬಹುದು ಎಂದುಕೊಂಡಾಗ ಅವನಿಗೆ ಹೆದರಿಕೆಯ ಬದಲು ಒಂದು ಬಗೆಯ ಹಗುರ ಅನಿಸಿ, ಆ ಹಗುರಕ್ಕೇ ನಾಚಿಕೆಯಾಯಿತು. ಬೀಗದ ಕೈ ತೊಡೆಗೆ ಒತ್ತುತ್ತಿತ್ತು.

ಆರೈಕೆಮನೆ ನೋಡಿಕೊಳ್ಳುವ ಮೇಟ್ರನ್ ಗೇಟಿನ ಹತ್ತಿರವೇ ಕಾಯುತ್ತಿದ್ದರು. ದೊಡ್ಡ ಮೈಕಟ್ಟಿನ ಹೆಂಗಸು, ನಗುವಾಗ ಕಣ್ಣು ನಗುತ್ತಿರಲಿಲ್ಲ, ಅದು ಸುಸ್ತಿಗೋ ಅಥವಾ ಅವನನ್ನು ಕಂಡ ಭಯಕ್ಕೋ. ಒಳಗೆ ಕಾಲಿಟ್ಟೊಡನೆ ಹೊಸ ಬಣ್ಣದ ವಾಸನೆ. ತಪಾಸಣೆಯ ವಾರದಲ್ಲಿ ಎಲ್ಲ ಮನೆಗಳೂ ಬಣ್ಣ ಬಳಿಸುತ್ತವೆ. ಮೇಲೆ ಥಳಕು ಒಳಗೆ ಹುಳುಕು ಎಂಬುದು ಅವನ ಕಸುಬಿನ ಮೊದಲ ಪಾಠ. ಅವನು ಬಣ್ಣ ನೋಡುವುದಿಲ್ಲ, ಹಾಸಿಗೆಯ ಅಡಿ ನೋಡುತ್ತಾನೆ. ನೀರಿನ ಲೋಟ ಮಲಗಿದವರ ಕೈಗೆ ಎಟಕುತ್ತದೆಯೋ ಅಥವಾ ನೋಡಲು ಬಂದವರ ಕಣ್ಣಿಗಷ್ಟೇ ಎಟಕುತ್ತದೆಯೋ ನೋಡುತ್ತಾನೆ. ಬಚ್ಚಲಿನ ಬಾಗಿಲ ಹಿಂದೆ ಮೂಗು ಇಡುತ್ತಾನೆ. ಯಾವುದೋ ಹಾಸಿಗೆಯ ಕರೆಗಂಟೆ ಒತ್ತಿ ಗಡಿಯಾರ ನೋಡುತ್ತ ನಿಲ್ಲುತ್ತಾನೆ. ಇಲ್ಲಿ ಗಂಟೆ ಒತ್ತಿದ ಎರಡು ನಿಮಿಷದಲ್ಲಿ ಜನ ಬಂದರು, ಲೋಟ ಎಟಕುವಷ್ಟು ಹತ್ತಿರದಲ್ಲಿತ್ತು, ಆದರೆ ಖಾಲಿಯಿತ್ತು. ಬಹಳ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕೈ ಸಾಲದೆ ಹೇಗೋ ನಡೆದುಕೊಂಡು ಹೋಗುತ್ತಿರುವ ಮನೆ. ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಅವನು ಹಾಳೆಯಿಂದ ತಲೆಯೆತ್ತದೆ ಓದಿದ: ಹೊರಗಿನಿಂದ ಬೀಗ ಹಾಕುವ ಕೋಣೆ ಇದೆಯೇ? "ಅಯ್ಯೋ, ಇಲ್ಲ ಸಾರ್," ಎಂದರು ಮೇಟ್ರನ್. "ಮನುಷ್ಯರನ್ನ ಯಾರಾದ್ರೂ ಬೀಗ ಹಾಕಿ ಇಡ್ತಾರಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ಅವನ ಎಡಗೈ ತಾನಾಗಿ ಜೇಬಿಗೆ ಹೋಯಿತು. ಮೇಟ್ರನ್ ಅದನ್ನು ನೋಡಿದರೋ ಇಲ್ಲವೋ. ನೋಡಿದರು ಎಂದೇ ಅವನಿಗೆ ದಿನವಿಡೀ ಅನಿಸುತ್ತಿತ್ತು.

ಹನ್ನೊಂದರಿಂದ ಒಂದರವರೆಗಿನ ಎರಡು ಗಂಟೆ ಈ ಕೆಲಸದ ಜೀವಾಳ. ದೊಡ್ಡ ಹಾಲಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಅಲ್ಲಿರುವವರಲ್ಲಿ ಒಬ್ಬರನ್ನು ಆರಿಸಿಕೊಂಡು, ಐದು ನಿಮಿಷಕ್ಕೊಮ್ಮೆ ಅವರ ಮುಖ ನೋಡಿ ಹಾಳೆಯ ಒಂದು ಚೌಕದಲ್ಲಿ ಅಂಕಿ ಬರೆಯಬೇಕು. ನಗುತ್ತಿದ್ದರೆ ಪ್ಲಸ್ ಮೂರು, ನೆಮ್ಮದಿಯಾಗಿ ಕೂತಿದ್ದರೆ ಪ್ಲಸ್ ಒಂದು, ನಿದ್ದೆಗೆ ಸೊನ್ನೆ, ಕಳವಳಕ್ಕೆ ಮೈನಸ್ ಒಂದು, ಅಳುವಿಗೆ ಮೈನಸ್ ಮೂರು. ಪಕ್ಕದ ಚೌಕದಲ್ಲಿ ನೋಡಿಕೊಳ್ಳುವವರ ನಡತೆ. ಎಲ್ಲಕ್ಕಿಂತ ಮುಖ್ಯ ನಿಯಮವೆಂದರೆ, ನೋಡುವವನು ಅಲ್ಲಿ ಇಲ್ಲ. ಮಾತಾಡಿಸಿದರೆ ಮಾತಾಡುವಂತಿಲ್ಲ, ನಕ್ಕರೆ ನಗುವಂತಿಲ್ಲ, ಯಾರಾದರೂ ಬಿದ್ದು ಪೆಟ್ಟಾಗುವ ಹೊತ್ತು ಬಂದರೆ ಮಾತ್ರ ಏಳಬಹುದು. ಗೋಡೆಯಾಗಬೇಕು. ಗೋಡೆಯಾಗುವುದರಲ್ಲಿ ಅವನನ್ನು ಮೀರಿಸಿದವರು ಕಚೇರಿಯಲ್ಲಿ ಇರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಮೇಲಿನವರು ಅವನನ್ನೇ ತೋರಿಸಿ, ಹೀಗೆ ಕೂರಬೇಕು ಎನ್ನುತ್ತಿದ್ದರು. ಅವನು ಕಿಟಕಿಯಿಂದ ಮೂರನೆಯ ಕುರ್ಚಿಯ ಅಜ್ಜಿಯನ್ನು ಆರಿಸಿಕೊಂಡ. ಗುಲಾಬಿ ಬಣ್ಣದ ಸ್ವೆಟರು, ಗುಂಡಿಗಳನ್ನು ಒಂದು ಕಾಜಾ ತಪ್ಪಿ ಹಾಕಿದ್ದರಿಂದ ಒಂದು ಭುಜ ಮೇಲೆ ಒಂದು ಭುಜ ಕೆಳಗೆ. ಮೊದಲ ಚೌಕ, ಪ್ಲಸ್ ಒಂದು. ಎರಡನೆಯದು, ಪ್ಲಸ್ ಒಂದು. ಮೂರನೆಯದರಲ್ಲಿ ಅಜ್ಜಿ ಸ್ವೆಟರಿನ ಅಂಚನ್ನು ಹಿಡಿದು ಅತ್ತ ಇತ್ತ ಸವರತೊಡಗಿದಳು. ಪೆನ್ಸಿಲ್ ಒಂದು ಗಳಿಗೆ ನಿಂತಿತು. ಅಕ್ಕನೂ ಹೀಗೆಯೇ ಏನನ್ನೋ ಸವರುತ್ತ ಕೂರುತ್ತಾಳೆ, ಏನನ್ನು ಎಂಬುದು ಮಾತ್ರ ಅವನಿಗೆ ನೆನಪಿಗೆ ಬರಲಿಲ್ಲ.

ಅಕ್ಕನ ಹಾಳೆ ಶುರುವಾದದ್ದು ಡಾಕ್ಟರಿಗೆ ತೋರಿಸುವುದಕ್ಕೆಂದು. ಹೇಗಿದ್ದಾರೆ ಎಂದು ಅವರು ಕೇಳಿದಾಗಲೆಲ್ಲ ಇವನಿಗೆ ಮಾತು ಬರುತ್ತಿರಲಿಲ್ಲ. ಅಂಕಿಯಾದರೆ ಬರುತ್ತದೆ. ಒಂದು ಭಾನುವಾರ ಕಚೇರಿಯ ಹಾಳೆಯನ್ನೇ ತಂದು, ಊಟದ ಮೇಜಿನ ಹತ್ತಿರ ಕೂತು, ಐದು ನಿಮಿಷಕ್ಕೊಮ್ಮೆ ಬರೆದ. ಡಾಕ್ಟರು ಅದನ್ನು ನೋಡಿ ಭೇಷ್ ಎಂದರು, ಎಲ್ಲರೂ ನಿಮ್ಮ ಹಾಗೆ ಇದ್ದರೆ ನಮ್ಮ ಕೆಲಸ ಎಷ್ಟು ಸಲೀಸು ಎಂದರು. ಆ ಭೇಷ್ ಅವನಿಗೆ ಬೇಕಾಗಿತ್ತು. ಆಮೇಲೆ ಭಾನುವಾರದ ಜೊತೆ ಶನಿವಾರ ಸೇರಿತು, ಶನಿವಾರದ ಜೊತೆ ಸಂಜೆಗಳು ಸೇರಿದವು, ಹಾಳೆಗಳು ನೋಟುಬುಕ್ಕುಗಳಾದವು. ಮೂರು ನೋಟುಬುಕ್ಕು. ಬರೆಯುತ್ತ ಕೂತಷ್ಟು ಹೊತ್ತು ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ. ಮತ್ತೆ ಆ ಒಂದು ಭಾನುವಾರ, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ, ಮಂಚದ ತುದಿಯಲ್ಲಿ ಕೂತಿದ್ದ ಅಕ್ಕ ಅಳಲು ಶುರುಮಾಡಿದಳು. ಅವನು ಗಡಿಯಾರ ನೋಡಿ ಮೈನಸ್ ಮೂರು ಎಂದು ಬರೆದ. ಮೂರು ಇಪ್ಪತ್ತೈದು, ಮೈನಸ್ ಮೂರು. ಮೂರೂವರೆಗೆ ಅವಳು ಕೋಣೆಯ ನಾಲ್ಕು ಮೂಲೆಗೂ ಕಣ್ಣು ಹಾಯಿಸಿ, "ತಮ್ಮಾ, ಎಲ್ಲಿದ್ದೀಯೋ?" ಎಂದಳು. ಎಂಟು ತಿಂಗಳಲ್ಲಿ ಮೊದಲ ಸಲ ತಮ್ಮಾ ಎಂದಿದ್ದಳು. ಅವನು ನಾಲ್ಕು ಅಡಿ ದೂರದಲ್ಲಿ ಕೂತಿದ್ದ. ಅವನು ಬರೆದ: ಮೈನಸ್ ಮೂರು, ಯಾರನ್ನೋ ಕರೆಯುತ್ತಿದ್ದಾಳೆ. ಮೂರು ಮೂವತ್ತೈದಕ್ಕೆ ಇನ್ನೊಂದು ಮೈನಸ್ ಮೂರು, ಆಮೇಲೆ ಅವಳೇ ಸುಸ್ತಾಗಿ ಗೋಡೆಗೆ ಒರಗಿ ನಿದ್ದೆಹೋದಳು. ಸೊನ್ನೆ. ತಾನೇನು ಮಾಡಿದೆ ಎಂಬುದು ಅವನಿಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಕೈ ಸೋಪಿನಲ್ಲೇ ನಿಂತಿತು. ಏನೂ ಕೇಳಿಸದೆ ಸುಮ್ಮನಿದ್ದೆ ಎಂದರೆ ಕ್ಷಮೆಯಾದರೂ ಇದ್ದೀತು. ಕಿವಿಯಾರೆ ಕೇಳಿ, ಗಡಿಯಾರ ನೋಡಿ, ಅಚ್ಚುಕಟ್ಟಾಗಿ ಬರೆದಿದ್ದ. ಅವಳು ಮತ್ತೆ ತಮ್ಮಾ ಎನ್ನಲಿಲ್ಲ. ಅವನು ಬರೆಯುವುದನ್ನೂ ಬಿಡಲಿಲ್ಲ. ಬಿಟ್ಟರೆ ಆ ಕೋಣೆಯಲ್ಲಿ ಅವಳ ಎದುರು ಬರಿಗೈಯಲ್ಲಿ ಕೂರಬೇಕಾಗುತ್ತಿತ್ತು.

"ಏನ್ ಮಹಾರಾಣಿ, ಸ್ವೆಟರ್ ಹರಿಯೋ ಪ್ಲಾನಾ?" ಹಾಲಿನ ಆ ತುದಿಯಿಂದ ಈ ತುದಿಗೆ ಕೇಳುವ ದನಿ. ಆಯಾ ಬಂದಳು, ಐವತ್ತರ ಹತ್ತಿರದವಳು, ಗಟ್ಟಿ ಆಳು, ಸೊಂಟದ ಮೇಲೆ ಒಂದು ಬುಟ್ಟಿ ಒಗೆದ ಟವೆಲು. ಇಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಾರೆ ಎಂದು ಮೇಟ್ರನ್ ಬೆಳಗ್ಗೆಯೇ ಸಂಕೋಚದಿಂದ ಹೇಳಿದ್ದರು, ಮಾತಿಗೆ ಸ್ವಿಚ್ಚಿಲ್ಲ ಸಾರ್ ಎಂದು. ನಿಜ, ಸ್ವಿಚ್ಚಿರಲಿಲ್ಲ. ಟವೆಲು ಮಡಿಚುತ್ತ, ಒಬ್ಬರ ಮೂಗು ಒರೆಸುತ್ತ, ಇನ್ನೊಬ್ಬರ ಕಾಲನ್ನು ತನ್ನ ಕಾಲಿನಿಂದಲೇ ಸ್ಟೂಲಿನ ಮೇಲೆ ಎತ್ತಿ ಇಡುತ್ತ ಮಾತಾಡಿದಳು. "ಏ ಮುದುಕಪ್ಪ, ಪ್ಯಾಂಟ್ ಮೇಲೆಳ್ಕೋ, ಹೆಂಗಸರು ಇದ್ದಾರೆ ಇಲ್ಲಿ. ಮಹಾರಾಣಿ, ಬಿಸ್ಕತ್ ತಿಂತೀಯೋ ಇಲ್ವೋ? ತಿನ್ನಲ್ವಾ? ಸರಿ, ನಾನೇ ತಿಂತೀನಿ." ಅಜ್ಜಿಯ ತಟ್ಟೆಯಿಂದ ಬಿಸ್ಕತ್ತೊಂದನ್ನು ನಿಜವಾಗಿಯೂ ಎತ್ತಿ ಬಾಯಿಗೆ ಹಾಕಿಕೊಂಡಳು. ಅಜ್ಜಿ ಥಟ್ಟನೆ ಉಳಿದ ಬಿಸ್ಕತ್ತುಗಳನ್ನು ಎರಡೂ ಕೈಯಿಂದ ಬಾಚಿಕೊಂಡು ತಿನ್ನತೊಡಗಿದಳು, ಕಣ್ಣಲ್ಲಿ ತುಂಟ ಹೊಳಪು. ಅವನು ಬರೆದ. ಮನೋಭಾವ, ಪ್ಲಸ್ ಮೂರು. ಪಕ್ಕದ ಚೌಕದಲ್ಲಿ, ಏಕವಚನ, ಮೈನಸ್. ಅಡ್ಡಹೆಸರು, ಮೈನಸ್. ನಿವಾಸಿಯ ಆಹಾರ ಸೇವನೆ, ಮೈನಸ್. ಎರಡು ಚೌಕಗಳು ಒಂದರ ಪಕ್ಕ ಒಂದು ಕೂತು ಒಂದನ್ನೊಂದು ಸುಳ್ಳು ಮಾಡುತ್ತಿದ್ದವು. ಅದನ್ನು ಬರೆಯಲು ಹಾಳೆಯಲ್ಲಿ ಮೂರನೆಯ ಚೌಕ ಇರಲಿಲ್ಲ.

ಹನ್ನೆರಡೂಕಾಲಿಗೆ ಆಯಾ ಯಾರಿಗೋ ಸ್ನಾನ ಮಾಡಿಸಲು ಹೋದಳು. ಹಾಲ್ ಒಮ್ಮೆಗೇ ದೊಡ್ಡದಾದಂತಾಯಿತು. ಗುಲಾಬಿ ಸ್ವೆಟರಿನ ಅಜ್ಜಿ ಬಾಗಿಲ ಕಡೆ ನೋಡಿದಳು, ತಟ್ಟೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅವಳ ಕಣ್ಣು ಅವನ ಮೇಲೆ ನಿಂತಿತು. ಗೋಡೆಯಾಗಿದ್ದವನನ್ನು ಅವಳು ಮನುಷ್ಯನೆಂದೇ ಗುರುತಿಸಿದ್ದು ಅವನಿಗೆ ಗೊತ್ತಾಯಿತು. ಅಜ್ಜಿ ಸದ್ದಿಲ್ಲದೆ ಅಳತೊಡಗಿದಳು, ಅಳುತ್ತಲೇ ಕೈ ಚಾಚಿದಳು. ಒಂದೂವರೆ ಮೊಳ ದೂರ. ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿದರೆ ಸಾಕು. ಅವನು ಗಡಿಯಾರ ನೋಡಿದ, ಹನ್ನೆರಡು ಇಪ್ಪತ್ತು, ಮೈನಸ್ ಮೂರು ಎಂದು ಬರೆದ. ಚಾಚಿದ ಕೈ ಹಾಗೆಯೇ ಇತ್ತು, ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು, ಮತ್ತೆ ಮೇಲೇಳುತ್ತಿತ್ತು. ಎದ್ದುಬಿಡಲೇ ಎಂದುಕೊಂಡ. ಎದ್ದರೆ ಹಾಳೆ ಕೆಟ್ಟಿತು, ಹಾಳೆ ಕೆಟ್ಟರೆ ತಪಾಸಣೆ ರದ್ದು, ರದ್ದಾದರೆ ಮತ್ತೆ ಎರಡು ತಿಂಗಳು, ಖಾಲಿ ಹಾಸಿಗೆ ಅಲ್ಲಿಯವರೆಗೆ ಯಾರಿಗೆ ಕಾಯುತ್ತದೆ? ಅಕ್ಕನಿಗೋಸ್ಕರವೇ ತಾನು ಏಳುತ್ತಿಲ್ಲ ಎಂಬ ಕಾರಣ ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಸಿಕ್ಕಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹನ್ನೆರಡು ಇಪ್ಪತ್ತೈದು. ಮೈನಸ್ ಮೂರು.

ಆಯಾ ಒದ್ದೆ ಕೈಯಲ್ಲೇ ಒಳಗೆ ಬಂದವಳು ಬಾಗಿಲಲ್ಲಿ ನಿಂತು, ಚಾಚಿದ ಕೈಯನ್ನೂ ಅವನನ್ನೂ ನೋಡಿದಳು. "ಏನ್ ಸಾರ್ ಇದು? ಕೈ ಕೊಡಿ ಅಂತ ಕೇಳ್ತಾ ಇದ್ದಾರಲ್ಲ. ಕೊಟ್ರೆ ಕೈ ಏನು ಸವೆದು ಹೋಗುತ್ತಾ?"

"ನಾನು ಕೊಡೋ ಹಾಗಿಲ್ಲ," ಎಂದ. ಮಾತಾಡಿದ್ದೇ ತಪ್ಪು. "ರೂಲಿದೆ. ನೋಡೋವಾಗ ನಾವು ಮಧ್ಯೆ ಬರಬಾರದು."

"ಒಳ್ಳೇ ರೂಲು! ಮನೆ ಹತ್ತಿ ಉರೀತಿದ್ರೆ ಎಷ್ಟು ಎತ್ತರಕ್ಕೆ ಉರೀತು ಅಂತ ಬರ್ಕೊಳ್ತೀರಾ?" ಎಂದವಳು ಅವನ ಉತ್ತರಕ್ಕೆ ಕಾಯಲಿಲ್ಲ. ಅಜ್ಜಿಯ ಪಕ್ಕ ಕುರ್ಚಿಯ ತೋಳಿನ ಮೇಲೇ ಕೂತು, ಒದ್ದೆ ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡು, ಆ ಕೈ ಹಿಡಿದುಕೊಂಡಳು. ಸಮಾಧಾನದ ಮಾತೇನೂ ಆಡಲಿಲ್ಲ. ಸ್ನಾನದ ಮನೆಯ ನಲ್ಲಿ ಕೆಟ್ಟದ್ದು, ತನ್ನ ಮೊಣಕಾಲು ನೋವು, ಬರುವಾಗ ಬಸ್ಸು ತಪ್ಪಿದ್ದು, ಇದೇ ಪುರಾಣ. ತಪ್ಪಿ ಹಾಕಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು. ಹನ್ನೆರಡೂವರೆಗೆ ಅಜ್ಜಿ ಅಳು ನಿಲ್ಲಿಸಿದ್ದಳು. ಪ್ಲಸ್ ಒಂದು. ಅವನ ಕಿವಿ ಬಿಸಿಯಾಗಿತ್ತು. ತನಗೆ ಅವಮಾನವಾದದ್ದು ನಿಜ, ಆದರೆ ಯಾರ ಎದುರು? ಹಾಲಿನಲ್ಲಿದ್ದ ಹನ್ನೊಂದು ಜನರೂ ಅದನ್ನು ಆಗಲೇ ಮರೆತಿದ್ದರು. ನೆನಪಿಟ್ಟುಕೊಳ್ಳುವವನು ಅವನೊಬ್ಬನೇ.

ಮೂರು ಗಂಟೆಗೆ ಮೇಟ್ರನ್ ಕೋಣೆಯಲ್ಲಿ ಟೀ ಬಂತು. ಅಂಕ ಕೂಡುವುದು ಇನ್ನೂ ಬಾಕಿಯಿತ್ತು. ಅವನು ಲೋಟದ ಕಡೆ ನೋಡುತ್ತ, ಪರಿಚಯದವರೊಬ್ಬರಿದ್ದಾರೆ ಎಂದ. ಅವರ ಅಕ್ಕನಿಗೆ ಹೀಗಾಗಿದೆ. ಇಲ್ಲೊಂದು ಹಾಸಿಗೆ ಖಾಲಿ ಇದೆಯಂತೆ. ಮೇಟ್ರನ್ ಅವನ ಮುಖ ನೋಡಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. "ಇದೆ ಸಾರ್. ನಿಮ್ಮ ಪರಿಚಯದವರಿಗೆ ಅಂದ್ರೆ ಕೊಡದೆ ಇರ್ತೀವಾ? ಆದ್ರೆ ಇಲ್ಲಿಗೆ ಸೇರಿಸೋಕೆ ಮುಂಚೆ ಅವರ ಬಗ್ಗೆ ನಾಲ್ಕು ವಿಷಯ ಬರ್ಕೊಳ್ಬೇಕು, ಅದು ನಮ್ಮ ಪದ್ಧತಿ. ಬೇಡ ಅನ್ನೋಕಲ್ಲ, ಅವರನ್ನ ಹೇಗೆ ನೋಡ್ಕೋಬೇಕು ಅಂತ ಗೊತ್ತಾಗ್ಲಿ ಅಂತ." ಅದನ್ನು ಕೇಳುವುದರಲ್ಲಿ ರೇಡಿಯೋನೇ ವಾಸಿ ಎಂದು ಅವಳನ್ನೇ ಕರೆಸಿದರು. ಅವಳು ಒಂದು ಹಳೆಯ ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಅವನ ಎದುರು ಕೂತಳು. ಈಗ ಪೆನ್ಸಿಲ್ ಅವಳ ಕೈಯಲ್ಲಿತ್ತು.

"ಅವರನ್ನ ಏನಂತ ಕರೆದ್ರೆ ತಿರುಗಿ ನೋಡ್ತಾರೆ?"

ಅವನು ಯೋಚಿಸಿದ. ಅಕ್ಕ ಎಂದು ಕರೆದು ಎಷ್ಟು ದಿನವಾಯಿತು? "ಗೊತ್ತಿಲ್ಲ. ಕೇಳಿ ಹೇಳ್ತೀನಿ."

"ಯಾವ ಮಗ್ಗುಲಿಗೆ ಮಲಗ್ತಾರೆ? ಹೋಗ್ಲಿ ಬಿಡಿ. ಏನು ಕೆಲಸ ಮಾಡ್ತಿದ್ರು ಮುಂಚೆ?"

ಅದು ಗೊತ್ತಿತ್ತು. ಸಿದ್ಧ ಉಡುಪಿನ ಕಾರ್ಖಾನೆ, ಕಾಲರ್ ಸೆಕ್ಷನ್, ಇಪ್ಪತ್ತಾರು ವರ್ಷ. ಅಪ್ಪ ಅಮ್ಮ ಹೋದ ಮೇಲೆ ಒಂಬತ್ತು ವರ್ಷದ ತಮ್ಮನನ್ನು ಆ ಕಾಲರುಗಳಲ್ಲೇ ಓದಿಸಿದಳು. ಸಂಜೆ ಬಂದು, ಕಾಲು ನೀರಲ್ಲಿ ಇಟ್ಟುಕೊಂಡು, ಕಾರ್ಖಾನೆಯ ಚೆಕ್ಕರನನ್ನು ಅಣಕಿಸಿ ತೋರಿಸುತ್ತಿದ್ದಳು: ಕೈಯಲ್ಲಿ ಹಾಳೆ ಹಿಡಿದು, ಕತ್ತು ಉದ್ದ ಮಾಡಿ, ಹೊಲಿಯುವವರ ಬೆನ್ನ ಹಿಂದೆ ನಿಂತು, ಮಾತಿಲ್ಲದೆ ಬರೆದುಕೊಳ್ಳುವ ಚೆಕ್ಕರಪ್ಪ. ಒಂದು ಹೊಲಿಗೆ ಹೆಚ್ಚುಕಮ್ಮಿಯಾದರೆ ಆ ಪೀಸಿನ ಮೇಲೆ ಸೀಮೆಸುಣ್ಣದ ಗೀಟು. ತಮ್ಮ ಬಿದ್ದು ಬಿದ್ದು ನಗುತ್ತಿದ್ದ. ದೊಡ್ಡವನಾದ ಮೇಲೆ ನೀನೇನಾದರೂ ಆಗು ಮಾರಾಯ, ಚೆಕ್ಕರಪ್ಪ ಮಾತ್ರ ಆಗಬೇಡ ಎನ್ನುತ್ತಿದ್ದಳು. ಇದನ್ನು ಅವನು ಆಯಾಗೆ ಹೇಳಲಿಲ್ಲ, ಹೊಲಿಗೆ ಕೆಲಸ ಎಂದಷ್ಟೇ ಹೇಳಿದ.

"ಅಳ್ತಾರಾ? ಅತ್ತಾಗ ಏನು ಮಾಡಿದ್ರೆ ಸಮಾಧಾನ ಆಗ್ತಾರೆ?"

ಮೂರು ನೋಟುಬುಕ್ಕು. ಯಾವ ತಿಂಗಳಲ್ಲಿ ಎಷ್ಟು ಮೈನಸ್ ಮೂರು, ಯಾವ ಹೊತ್ತಿನಲ್ಲಿ ಹೆಚ್ಚು, ವಾರದ ಸರಾಸರಿ ಎಷ್ಟು, ಎಲ್ಲ ಬಾಯಿಪಾಠ. ಆದರೆ ಏನು ಮಾಡಿದರೆ ಸಮಾಧಾನವಾಗುತ್ತದೆ ಎಂದು ತಿಳಿಯಬೇಕಾದರೆ ಏನಾದರೂ ಮಾಡಿ ನೋಡಿರಬೇಕಲ್ಲ. ಆಯಾ ಪೆನ್ಸಿಲ್ ಕೆಳಗಿಟ್ಟಳು. ಅವಳಿಗೆ ಪರಿಚಯದವರ ಸುಳ್ಳು ಗೊತ್ತಿತ್ತೋ ಇಲ್ಲವೋ, ಕೊಂಕೇನೂ ಇಲ್ಲದೆ, ಅಯ್ಯೋ ಪಾಪ ಎನ್ನುವ ದನಿಯಲ್ಲೇ ಹೇಳಿದಳು: "ನಿಮ್ಮ ಪರಿಚಯದವ್ರು ಯಾವತ್ತೂ ಆಯಮ್ಮನ ಪಕ್ಕ ಕೂತೇ ಇಲ್ಲ ಅನ್ಸುತ್ತೆ ಸಾರ್. ಪಾಪ, ಒಂಟಿ ಜೀವ."

ಅವಳು ಹೋದ ಮೇಲೆ ಅವನು ಅಂಕ ಕೂಡಿದ. ಐವತ್ತೆಂಟು. ಆಯಾಳ ನಡತೆಯ ಚೌಕಗಳಿಂದಲೇ ಮೂರು ಹೋಗಿತ್ತು. ರಬ್ಬರು ಪೆನ್ಸಿಲಿನ ಹಿಂಬದಿಯಲ್ಲೇ ಇತ್ತು. ಏಕವಚನ ಎಂಬುದನ್ನು ಸಲಿಗೆ ಎಂದು ತಿದ್ದಿದರೆ ಒಂದು, ಬಿಸ್ಕತ್ತನ್ನು ಊಟಕ್ಕೆ ಪ್ರೋತ್ಸಾಹ ಎಂದರೆ ಇನ್ನೊಂದು. ಅದು ಸುಳ್ಳು ಕೂಡ ಅಲ್ಲ. ಬೆಳಗಿನಿಂದ ಆ ಮನೆಯಲ್ಲಿ ಅವನು ಕಂಡ ಒಂದೇ ನಿಜವಾದ ಆರೈಕೆ ಅದು, ಅವನಿಗದು ಚೆನ್ನಾಗಿ ಗೊತ್ತಿತ್ತು. ಎರಡು ಅಂಕ, ಅಕ್ಕನಿಗೆ ಹಾಸಿಗೆ, ಅವಳ ಕೈ ಹಿಡಿಯಲು ಈ ಗಟ್ಟಿ ಹೆಂಗಸು. ಅವನು ಪೆನ್ಸಿಲನ್ನು ತಿರುಗಿಸಿ ಹಿಡಿದ. ಪಾಪ, ಒಂಟಿ ಜೀವ. ಕೈ ಏನು ಸವೆದು ಹೋಗುತ್ತಾ? ಒಬ್ಬ ಆಯಾ, ತಟ್ಟೆಯಿಂದ ಬಿಸ್ಕತ್ತು ಕದಿಯುವವಳು, ಇಪ್ಪತ್ತೊಂದು ವರ್ಷ ಒಂದಂಕಿ ತಿದ್ದದ ತನಗೆ ಇಂಥ ಮಾತು ಹೇಳುವುದೇ. ಪೆನ್ಸಿಲನ್ನು ಮತ್ತೆ ನೆಟ್ಟಗೆ ಹಿಡಿದು, ಐವತ್ತೆಂಟರ ಸುತ್ತ ಗೆರೆ ಎಳೆದ. ನಿಯಮ ನಿಯಮವೇ ಎಂದು ತನಗೆ ತಾನೇ ಹೇಳಿಕೊಂಡ, ಹೇಳಿಕೊಳ್ಳುವಾಗಲೇ ಅದು ನಿಯಮವಲ್ಲ, ಹೊಟ್ಟೆಯುರಿ ಎಂದು ಗೊತ್ತಿತ್ತು. ಸ್ಥಳದಲ್ಲೇ ಇಬ್ಬರ ಸಹಿಯಾಗಬೇಕು, ಕಾರ್ಬನ್ ಪ್ರತಿ ಅಲ್ಲೇ ಉಳಿಯಬೇಕು; ಸಹಿಯಾದ ಮೇಲೆ ದೇವರು ಬಂದರೂ ತಿದ್ದುವಂತಿಲ್ಲ. ಮೇಟ್ರನ್ ಅಂಕವನ್ನು ಎರಡು ಸಲ ಓದಿದರು. "ಹಾಗಾದ್ರೆ ನಿಮ್ಮ ಪರಿಚಯದವರ ಅಕ್ಕನ್ನೂ ನಾವು ತಗೊಳ್ಳೋ ಹಾಗಿಲ್ಲವಲ್ಲ ಸಾರ್," ಎಂದರು. ಅವನು ಹೌದು ಎಂದ. "ರೇಡಿಯೋನ ಈ ಹಾಲ್ ಕೆಲಸದಿಂದ ತೆಗೆದು ಬಟ್ಟೆ ಒಗೆಯೋ ಕಡೆ ಹಾಕ್ಬೇಕಾಗುತ್ತೆ," ಎಂದರು. ಅದಕ್ಕೂ ಹೌದು ಎಂದ. ಅವರು ಪೆನ್ನು ಹುಡುಕುವಷ್ಟರಲ್ಲಿ ಅವನ ಸಹಿ ಆಗಿತ್ತು.

ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತವನ ಎದುರು ಯಾರದೋ ಕುತ್ತಿಗೆ, ಕುತ್ತಿಗೆಯ ಸುತ್ತ ಕಾಲರು, ಕಾಲರಿನ ಅಂಚಿಗೆ ಒಂದೇ ಸಮನೆ ಓಡಿದ ಹೊಲಿಗೆ. ಆಗ ಉತ್ತರ ಬಂತು. ಕಾಲರು. ಅಕ್ಕ ಸವರುತ್ತ ಕೂರುವುದು ಒಗೆದು ಮಡಿಚಿಟ್ಟ ಅವನ ಅಂಗಿಯ ಕಾಲರನ್ನು, ಹೆಬ್ಬೆರಳಿನಿಂದ, ಮೂಲೆಯಿಂದ ಮೂಲೆಗೆ. ಪ್ಲಸ್ ಮೂರು, ಬಟ್ಟೆ ಹಿಡಿದಿದ್ದಾಳೆ. ಪ್ಲಸ್ ಮೂರು, ಬಟ್ಟೆ ಹಿಡಿದಿದ್ದಾಳೆ. ಮೂರೂ ನೋಟುಬುಕ್ಕಿನಲ್ಲಿ ನೂರಾರು ಸಲ ತನ್ನದೇ ಕೈಬರಹದಲ್ಲಿ ಬರೆದಿದ್ದ, ಒಂದು ಸಲವೂ ಓದಿರಲಿಲ್ಲ. ಈ ಉತ್ತರವನ್ನು ಒಂದೂವರೆ ಗಂಟೆ ಮೊದಲು ಆ ಹೆಂಗಸಿಗೆ ಹೇಳಿದ್ದರೆ ಅವಳು ಆ ಮಾತು ಆಡುತ್ತಿರಲಿಲ್ಲ, ಅವಳು ಆಡದಿದ್ದರೆ ತಾನು ತಿದ್ದುತ್ತಿದ್ದೆ. ತಾನು ಅಳುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಎದುರಿನವನು ತಿರುಗಿ ನೋಡಿ, ಮತ್ತೆ ಮರ್ಯಾದೆಯಿಂದ ಬೇರೆ ಕಡೆ ನೋಡಿದಾಗ. ಇರಲಿ, ಹಾಸಿಗೆ ಹೋದರೆ ಹೋಗಲಿ, ಇವತ್ತಿನಿಂದ ನಾನೇ ಕೂರುತ್ತೇನೆ ಪಕ್ಕದಲ್ಲಿ ಎಂದುಕೊಂಡ. ನೋಟುಬುಕ್ಕುಗಳನ್ನು ರದ್ದಿಗೆ ಹಾಕುತ್ತೇನೆ. ಬಸ್ಸಿಳಿದ ಮೇಲೂ ಅದನ್ನೇ ಅಂದುಕೊಳ್ಳುತ್ತ ನಡೆದ, ಮನೆ ಹತ್ತಿರವಾದಂತೆ ಅವನ ಹೆಜ್ಜೆ ಬೇಗ ಬೇಗ ಬೀಳುತ್ತಿತ್ತು.

ಕೆಳಗಿನ ಮನೆಯಾಕೆಯ ಬಾಗಿಲು ಮುಚ್ಚಿತ್ತು. ಬೀಗ ತೆಗೆದು ಒಳಗೆ ಹೋದಾಗ ಅಕ್ಕ ಮಂಚದ ತುದಿಯಲ್ಲಿ ಕೂತಿದ್ದಳು, ಸಂಜೆಯ ಬೆಳಕಿಗೆ ಮುಖ ಕೊಟ್ಟು. ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಅವಳ ಪಕ್ಕ ಹೋಗಿ ಕೂತ. ಇಷ್ಟು ಹತ್ತಿರ ಕೂತು ಎಷ್ಟು ಕಾಲವಾಗಿತ್ತೋ, ಅವಳ ತಲೆಗೂದಲ ವಾಸನೆಯೇ ಅವನಿಗೆ ಹೊಸದಾಗಿತ್ತು. ಅವಳು ಸರಿದು ಗೋಡೆಗೆ ಅಂಟಿಕೊಂಡಳು. "ಅಕ್ಕಾ," ಎಂದ. ಅವಳು ತಿರುಗಲಿಲ್ಲ. ತಾನು ಹಾಕಿಕೊಂಡಿದ್ದ ಅಂಗಿಯನ್ನೇ ಬಿಚ್ಚಿ, ಮಡಿಚಿ, ಕಾಲರು ಮೇಲೆ ಬರುವಂತೆ ಅವಳ ಮಡಿಲಲ್ಲಿಟ್ಟ. ಹೆಬ್ಬೆರಳು ತಾನಾಗಿ ಹೋಗಿ ಕಾಲರಿನ ಮೂಲೆ ಮುಟ್ಟಿತು, ಅಂಚಿನ ಮೇಲೆ ಅರ್ಧ ದಾರಿ ಹೋಯಿತು. ಅಲ್ಲಿ ನಿಂತಿತು. ಅವಳು ಅವನ ಮುಖ ನೋಡಿದಳು, ನೋಡುತ್ತಿರುವ ಅವನ ಕಣ್ಣು ನೋಡಿದಳು, ಕೈ ಹಿಂದಕ್ಕೆಳೆದುಕೊಂಡಳು.

"ಹೊಲಿಗೆ ಸರಿಯಾಗಿದೆ ಸಾರ್," ಎಂದಳು. "ಗೀಟು ಹಾಕ್ಬೇಡಿ."

"ಅಕ್ಕಾ, ನಾನು ಕಣೇ. ತಮ್ಮ."

"ಮನೇಲಿ ಚಿಕ್ಕ ತಮ್ಮ ಇದ್ದಾನೆ ಸಾರ್. ಓದ್ತಾನೆ. ಗೀಟು ಹಾಕ್ಬೇಡಿ." ಬೆನ್ನು ನೆಟ್ಟಗೆ ಮಾಡಿ ಕೂತಳು, ಕೂದಲು ಹಿಂದಕ್ಕೆ ಸವರಿಕೊಂಡಳು, ಎರಡೂ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಇವತ್ತು ನಾನು ಅತ್ತಿಲ್ಲ ಸಾರ್. ನಿಜವಾಗ್ಲೂ ಅತ್ತಿಲ್ಲ. ಬರ್ಕೊಳ್ಳಿ."

ಅವನು ಮಧ್ಯಾಹ್ನ ಆ ಅಜ್ಜಿ ಚಾಚಿದ ಹಾಗೆಯೇ ಕೈ ಚಾಚಿದ, ಅಂಗೈ ಮೇಲಾಗಿ, ಹಿಡಿದುಕೋ ಎಂದು. ಅಕ್ಕ ಆ ಖಾಲಿ ಅಂಗೈಯನ್ನು ಬಹಳ ಹೊತ್ತು ನೋಡಿದಳು. ಏನು ಬೇಕಾಗಿದೆ ಎಂಬುದು ಅವಳಿಗೆ ಅರ್ಥವಾಯಿತು. ಎದ್ದು, ಕಾಲೆಳೆಯುತ್ತ ಊಟದ ಮೇಜಿನವರೆಗೆ ಹೋಗಿ, ನೋಟುಬುಕ್ಕಿನ ಮೇಲಿದ್ದ ಪೆನ್ಸಿಲನ್ನು ಹುಡುಕಿ ತಂದು ಅವನ ಅಂಗೈಯಲ್ಲಿಟ್ಟಳು. ಮತ್ತೆ ಮಂಚದ ತುದಿಯಲ್ಲಿ ನೆಟ್ಟಗೆ ಕೂತು, ಅವನು ಬರೆಯುವುದನ್ನು ಕಾಯತೊಡಗಿದಳು.